ಆನ್‌ಲೈನ್ ಜಾಹೀರಾತು: ಬರೆಯುವಾಗ ಎಡವುವುದೆಲ್ಲಿ?

ಸಾಗರದ ಅಪ್ಪೆಮಿಡಿ (ಮಾವಿನ ಮಿಡಿ) ಉಪ್ಪಿನಕಾಯಿ, ತೀರ್ಥಹಳ್ಳಿಯ ಹೋಂಸ್ಟೇ, ಹೊಸನಗರದ ಜೋನಿಬೆಲ್ಲ. ಮಾರುವುದು ಬೇರೆ ಬೇರೆ, ಜಾಹೀರಾತು ಮಾತ್ರ ಒಂದೇ: ‘ಮಲೆನಾಡಿನ ಅಪ್ಪಟ ಸೊಗಡು, ಇಂದೇ ಸಂಪರ್ಕಿಸಿ!!!’ ಆ ಸೊಗಡು ಎಷ್ಟು ಗ್ರಾಂ, ಬೆಲೆ ಎಷ್ಟು, ಬೆಂಗಳೂರಿಗೆ ಕಳಿಸುತ್ತಾರೋ ಇಲ್ಲವೋ ಎಂಬುದೇ ಇರುವುದಿಲ್ಲ.

ಮೊದಲು ಗಿರಾಕಿಗಳು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಉಪ್ಪಿನಕಾಯಿಯಾದರೆ: ಇಡೀ ಮಿಡಿಯೋ ಹೋಳೋ, ಎಣ್ಣೆ ಹಾಕಿದೆಯೇ, ಅಂಚೆ ವೆಚ್ಚ ಸೇರಿ ಎಷ್ಟು, ಬಾಟಲಿ ದಾರಿಯಲ್ಲಿ ಸೋರುವುದಿಲ್ಲವೇ? ಹೋಂಸ್ಟೇ ಆದರೆ: ಮಳೆಗಾಲದಲ್ಲಿ ಕಾರು ಅಂಗಳದವರೆಗೆ ಬರುತ್ತದೆಯೇ, ನೆಟ್‌ವರ್ಕ್ ಸಿಗುತ್ತದೆಯೇ, ಊಟ ದರದಲ್ಲೇ ಸೇರಿದೆಯೇ? ಈ ಉತ್ತರಗಳೇ ನಿಮ್ಮ ಜಾಹೀರಾತು. ‘ಜೋಗಕ್ಕೆ ಹತ್ತಿರ’ ಎಂದರೆ ಸಾಗರದವರಿಗೆ ಒಂದರ್ಥ, ಹುಬ್ಬಳ್ಳಿಯವರಿಗೆ ಇನ್ನೊಂದು. ಎಷ್ಟು ಕಿಲೋಮೀಟರ್ ಎಂದು ಬರೆಯಿರಿ.

ಇನ್ನು ತಲೆಬರಹ. ಗೂಗಲ್ ಸರ್ಚ್ ಜಾಹೀರಾತಿನ ತಲೆಬರಹಕ್ಕೆ 30, ವಿವರಣೆಗೆ 90 ಅಕ್ಷರಗಳ ಮಿತಿಯಿದೆ. ಕನ್ನಡದವರು ಎಡವುವುದು ಇಲ್ಲಿಯೇ. ಕಂಪ್ಯೂಟರ್ ಗುಣಿತದ ಚಿಹ್ನೆ, ವಿರಾಮ (ಒತ್ತಕ್ಷರ ಕೂಡಿಸುವ ‘್’ ಚಿಹ್ನೆ), ಒತ್ತು, ಪದಗಳ ನಡುವಿನ ಖಾಲಿ ಜಾಗ ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ‘ಶಿವಮೊಗ್ಗ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಅದರ ಲೆಕ್ಕದಲ್ಲಿ 8. ‘ಮಲೆನಾಡಿನ ಸಾಂಪ್ರದಾಯಿಕ ರುಚಿಯ ಉಪ್ಪಿನಕಾಯಿ’ 37 ಆಗಿ ಮಿತಿ ಮೀರುತ್ತದೆ. ‘ಸಾಗರದ ಅಪ್ಪೆಮಿಡಿ ಉಪ್ಪಿನಕಾಯಿ’ 26ಕ್ಕೇ ಮುಗಿಯುತ್ತದೆ, ಊರು ತಳಿ ಎರಡನ್ನೂ ಹೇಳುತ್ತದೆ. ಗೂಗಲ್ ತಲೆಬರಹದಲ್ಲಿ ಆಶ್ಚರ್ಯಸೂಚಕ ಚಿಹ್ನೆಗೆ ಅವಕಾಶವೇ ಇಲ್ಲ. ಫೇಸ್‌ಬುಕ್‌ನಲ್ಲಿ ಉದ್ದದ ಬರಹದ ಮೊದಲ ಕೆಲವು ಸಾಲಷ್ಟೇ ಕಂಡು ಉಳಿದದ್ದು ಮಡಚಿಕೊಳ್ಳುತ್ತದೆ. ಬೆಲೆ, ತೂಕ ಅಲ್ಲಿಯೇ ಬರಲಿ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಅಂಟಿಸಬೇಡಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಹಾಕಿ. ‘ಶುದ್ದ ಜೇನು’ ಎಂದು ಬರೆದವರ ಜೇನಿನ ಶುದ್ಧತೆಯ ಮೇಲೂ ಅನುಮಾನ ಬರುತ್ತದೆ. ‘ದ’ಕ್ಕೆ ಮಹಾಪ್ರಾಣದ ಒತ್ತು ಕೊಡಿ. ‘ವಿಶೇಷ’ವನ್ನು ‘ವಿಶೇಶ’ ಮಾಡಬೇಡಿ. ಯಂತ್ರಾನುವಾದ ಕೊಡುವ ‘ಈಗ ಖರೀದಿಸು’ ಗಿರಾಕಿಗೆ ಏಕವಚನ ಹಾಕಿದಂತೆ. ‘ವಾಟ್ಸ್‌ಆ್ಯಪ್ ಮಾಡಿ’ ಸಾಕು.

ಮುಂದಿನದು ಬರೀ ಭಾಷೆಯ ಪ್ರಶ್ನೆಯಲ್ಲ. ‘ಈ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ವಾಸಿ’ ಎಂಬಂಥ ಸಾಲಿಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಅಡ್ಡ ಬರುತ್ತದೆ. ಅದರ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮದ್ದೆಂದು ಜಾಹೀರಾತು ಕೊಡುವಂತಿಲ್ಲ, ಮಧುಮೇಹ ಆ ಪಟ್ಟಿಯಲ್ಲಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ತಪ್ಪಿಗೇ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ‘ನಿಮಗೆ ಸಕ್ಕರೆ ಕಾಯಿಲೆಯೇ?’ ಎಂದು ಓದುಗರ ಆರೋಗ್ಯವನ್ನೇ ಕೆಣಕುವ ಪ್ರಶ್ನೆಯನ್ನು ಫೇಸ್‌ಬುಕ್ ತಿರಸ್ಕರಿಸುತ್ತದೆ. ತಿನ್ನುವ ಪದಾರ್ಥವಾದರೆ ಇಂಥ ಮಾತಿನ ಬದಲು ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಹಾಕಿ, ನಂಬಿಕೆ ಅದರಿಂದ ಬರುತ್ತದೆ.

ಪ್ರಕಟಿಸುವ ಮುಂಚೆ ಇನ್ನೊಬ್ಬರ ಫೋನಿನಲ್ಲಿ ತೆರೆದು ಲಿಂಕ್ ಒತ್ತಿ ನೋಡಿ. ಜಾಹೀರಾತಿನಲ್ಲಿ ₹280, ಒಳಗೆ ಹೋದರೆ ₹320 ಎಂದಿದ್ದರೆ ಗಿರಾಕಿ ಅಲ್ಲಿಂದಲೇ ವಾಪಸ್. ಮಿಡಿ ಖಾಲಿಯಾದ ದಿನವೇ ಜಾಹೀರಾತು ನಿಲ್ಲಿಸಿ. ಬಾಟಲಿ ಇರಲಿ ಬಿಡಲಿ, ಜಾಹೀರಾತು ಒತ್ತಿದವರ ಸಂಖ್ಯೆಗೆ ತಕ್ಕಂತೆ ನಿಮ್ಮ ದುಡ್ಡು ಕಡಿತವಾಗುತ್ತಲೇ ಇರುತ್ತದೆ.