ಬೀದಿಯ ಹೆಸರಿನ ಜಾಡು ಹಿಡಿಯುವ ಬಗೆ: ಬೆಂಗಳೂರಿನ ಎ.ವಿ. ರಸ್ತೆಯನ್ನು ಮುಂದಿಟ್ಟುಕೊಂಡು

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿಯಿಂದ ಟಿಪ್ಪುವಿನ ಬೇಸಿಗೆ ಅರಮನೆಯ ಪಕ್ಕದಲ್ಲಿ ಹಾದು ಚಾಮರಾಜಪೇಟೆಯತ್ತ ಹೋಗುವ ರಸ್ತೆ ಜನರ ಬಾಯಲ್ಲಿ ಎ.ವಿ. ರಸ್ತೆ. ಆ ಎರಡು ಅಕ್ಷರಗಳನ್ನು ಬಿಡಿಸಿ ಹೇಳಿ ಎಂದರೆ ಒಬ್ಬರು ಆಲ್ಬರ್ಟ್ ವಿಕ್ಟರ್ ಎನ್ನುತ್ತಾರೆ, ಇನ್ನೊಬ್ಬರು ಆಲೂರು ವೆಂಕಟರಾವ್ ಎನ್ನುತ್ತಾರೆ. ಎರಡೂ ಸರಿಯೇ. ಮೊದಲನೆಯದು ವಿಕ್ಟೋರಿಯಾ ರಾಣಿಯ ಮೊಮ್ಮಗನ ನೆನಪಿಗೆ ಇಟ್ಟ ಹಳೆಯ ಹೆಸರು. ಎರಡನೆಯದು ಕರ್ನಾಟಕ ಏಕೀಕರಣಕ್ಕೆ ದುಡಿದ ಕುಲಪುರೋಹಿತರದು. ಆದ್ದರಿಂದ ಬೀದಿಯ ಹೆಸರಿನ ಇತಿಹಾಸ ಹುಡುಕಲು ಹೊರಟವರು ‘ಈ ಹೆಸರೇಕೆ’ ಎಂದು ವಿಚಾರಿಸುವ ಮೊದಲು ‘ಈ ಹೆಸರು ಎಂದಿನಿಂದ’ ಎಂದು ವಿಚಾರಿಸಬೇಕು. ಏಕೆ ಎಂಬುದಕ್ಕೆ ಪ್ರತಿ ಬೀದಿಯ ಮೂಲೆಯಲ್ಲೂ ಒಂದು ಕಥೆ ಸಿಗುತ್ತದೆ, ಎಂದಿನಿಂದ ಎಂಬುದಕ್ಕೆ ಮಾತ್ರ ಕಾಗದವೇ ಬೇಕು.

ಮೊದಲ ಕೆಲಸ, ಆ ರಸ್ತೆಗೆ ಇರುವ ಮತ್ತು ಇದ್ದ ಎಲ್ಲ ಹೆಸರುಗಳನ್ನೂ ಬರೆದಿಟ್ಟುಕೊಳ್ಳುವುದು. ಅವೆನ್ಯೂ ರಸ್ತೆ ಹಿಂದೆ ದೊಡ್ಡಪೇಟೆಯಾಗಿತ್ತು. ಸೌತ್ ಪೆರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಶಾಂತಿನಗರದ ಡಬಲ್ ರೋಡ್ ಫಲಕದ ಮೇಲೆ ಕೆಂಗಲ್ ಹನುಮಂತಯ್ಯ ರಸ್ತೆಯಾಗಿದ್ದರೂ ಆಟೋದವರ ಮಟ್ಟಿಗೆ ಇಂದಿಗೂ ಡಬಲ್ ರೋಡೇ. ಮೊದಲಕ್ಷರಗಳ ಹೆಸರುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅವೆಲ್ಲ ವ್ಯಕ್ತಿಗಳ ಹೆಸರುಗಳಲ್ಲ: ಎಸ್.ಜೆ.ಪಿ. ರಸ್ತೆಯ ಹಿಂದಿರುವುದು ಸಿಲ್ವರ್ ಜುಬಿಲಿ ಪಾರ್ಕ್, ಓ.ಟಿ.ಸಿ. ರಸ್ತೆಯ ಹಿಂದಿರುವುದು ಹಳೆಯ ತಾಲ್ಲೂಕು ಕಚೇರಿ.

ಕಾಗದಗಳಲ್ಲೆಲ್ಲ ಹೆಚ್ಚು ಉಪಯೋಗಕ್ಕೆ ಬರುವುದು ಹಳೆಯ ಕ್ರಯಪತ್ರ. ಅದರ ಕೊನೆಯಲ್ಲಿ ಬರುವ ಚಕ್ಕುಬಂದಿಯಲ್ಲಿ ಸ್ವತ್ತಿನ ಪೂರ್ವಕ್ಕೆ ಯಾವ ರಸ್ತೆ, ಪಶ್ಚಿಮಕ್ಕೆ ಯಾರ ಮನೆ, ಉತ್ತರಕ್ಕೆ ಯಾವ ಓಣಿ ಎಂದು ಬರೆದಿರುತ್ತದೆ, ಮತ್ತು ಪತ್ರಕ್ಕೆ ನೋಂದಣಿಯ ದಿನಾಂಕವೂ ಇರುತ್ತದೆ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ ಒಂದನೇ ಪುಸ್ತಕದಿಂದ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಪಡೆಯಲು ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ. ಆದರೂ ಆ ಬೀದಿಯ ಹಳೆಯ ಮನೆತನದವರನ್ನು ಕೇಳಿ ಅವರ ಪೆಟ್ಟಿಗೆಯಲ್ಲಿರುವ ಪತ್ರವನ್ನು ನೋಡುವುದು ಸುಲಭದ ದಾರಿ. ಆದರೆ ಚಕ್ಕುಬಂದಿಯನ್ನು ಓದುವಾಗ ಒಂದು ಸೂಕ್ಷ್ಮವನ್ನು ಮರೆಯಬಾರದು. ಪತ್ರ ಬರಹಗಾರರು ಹಿಂದಿನ ಪತ್ರದ ಚಕ್ಕುಬಂದಿಯನ್ನು ಅಕ್ಷರಶಃ ನಕಲು ಮಾಡುವ ರೂಢಿ ಇರುವುದರಿಂದ, ರಸ್ತೆಯ ಹೆಸರು ಬದಲಾಗಿ ಎಷ್ಟೋ ವರ್ಷಗಳಾದ ಮೇಲೂ ಹಳೆಯ ಹೆಸರೇ ಪತ್ರದಲ್ಲಿ ಉಳಿದಿರಬಹುದು. ಹೀಗಾಗಿ ಹೊಸ ಹೆಸರು ಕಾಣಿಸಿದರೆ ಅದು ಆ ದಿನಾಂಕದ ಹೊತ್ತಿಗೆ ಚಾಲ್ತಿಗೆ ಬಂದಿತ್ತು ಎಂಬುದಕ್ಕೆ ಸಾಕ್ಷಿ; ಹಳೆಯ ಹೆಸರು ಕಾಣಿಸಿದರೆ ಹೊಸದು ಇನ್ನೂ ಬಂದಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಮದುವೆಯ ಕರೆಯೋಲೆ, ಅಂಗಡಿಯ ಬಿಲ್ಲು, ಕಂದಾಯದ ರಸೀದಿಗಳಲ್ಲಿ ಈ ತೊಡಕು ಕಡಿಮೆ.

ಬಡಾವಣೆ ಹುಟ್ಟಿದ ವರ್ಷವೂ ಒಂದು ಗಡಿ ಹಾಕಿಕೊಡುತ್ತದೆ. ಮಲ್ಲೇಶ್ವರ ರೂಪುಗೊಂಡದ್ದು 1898ರ ಪ್ಲೇಗಿನ ಆಸುಪಾಸಿನಲ್ಲಿ. ಅಲ್ಲಿನ ಸಂಪಿಗೆ ರಸ್ತೆಗೆ ಅದಕ್ಕಿಂತ ತೀರ ಹಳೆಯ ಕಥೆ ಕಟ್ಟಿದರೆ ನಂಬಬೇಕಿಲ್ಲ. ಎ.ವಿ. ರಸ್ತೆಯ ವಿಷಯದಲ್ಲಿ, ಆಲ್ಬರ್ಟ್ ವಿಕ್ಟರ್ 1889ರ ನವೆಂಬರ್ 30ರಂದು ಲಾಲ್‌ಬಾಗಿನ ಗಾಜಿನ ಮನೆಗೆ ಶಂಕುಸ್ಥಾಪನೆ ಮಾಡಿದ್ದು, 1892ರಲ್ಲಿ ಚಾಮರಾಜಪೇಟೆ ಬಡಾವಣೆಯಾದದ್ದು ಮತ್ತು ಅದೇ ವರ್ಷ ಆತ ತೀರಿಕೊಂಡದ್ದು, ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಹೆಸರು ಆ ಕಾಲದ್ದಿರಬೇಕೆಂಬ ಊಹೆ ಹುಟ್ಟುತ್ತದೆ. ಅದನ್ನು ಊಹೆ ಎಂದೇ ಬರೆದಿಡಬೇಕು.

ದಂಡು (ಕಂಟೋನ್ಮೆಂಟ್) ಪ್ರದೇಶದ ಬೀದಿಗಳ ಕತೆಯೇ ಬೇರೆ. ಅದು 1947ರವರೆಗೆ ಬ್ರಿಟಿಷರ ಕೈಯಲ್ಲಿತ್ತು, ಪೇಟೆಯ ಮತ್ತು ದಂಡಿನ ಪುರಸಭೆಗಳು ಒಂದಾದದ್ದು 1949ರಲ್ಲಿ. ಹೀಗಾಗಿ ಅಲ್ಲಿನ ಹಳೆಯ ಹೆಸರುಗಳನ್ನು ಮೈಸೂರು ಸರ್ಕಾರದ ಕಡತಗಳಿಗಿಂತ ರೆಸಿಡೆನ್ಸಿಯ (ಬ್ರಿಟಿಷ್ ಪ್ರತಿನಿಧಿಯ ಕಚೇರಿಯ) ಕಡತಗಳಲ್ಲಿ ಮತ್ತು ಹಳೆಯ ನಕ್ಷೆಗಳಲ್ಲಿ ಹುಡುಕುವುದು ಲೇಸು. ಕೋಲಾರದ ಚಿನ್ನಕ್ಕಾಗಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ ಮೈಕಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕನ ಹೆಸರು ಲ್ಯಾವೆಲ್ ರಸ್ತೆಯಲ್ಲಿ ಉಳಿದಿದೆ. ಇಂಥವರ ಜಾಡು ಗಣಿಯ ಕಾಗದಗಳಲ್ಲಿಯೂ ಸಿಗುತ್ತದೆಯೇ ಹೊರತು ಬೀದಿಯ ಕಾಗದಗಳಲ್ಲಿ ಮಾತ್ರವಲ್ಲ.

ಸ್ವಾತಂತ್ರ್ಯಾನಂತರದ ಹೆಸರುಗಳಿಗಾದರೆ ಪಾಲಿಕೆಯ ನಿರ್ಣಯವನ್ನೇ ಹುಡುಕಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ‘ಈ ಹೆಸರನ್ನು ಏಕೆ ಇಟ್ಟಿರಿ’ ಎಂದು ಕೇಳಿದರೆ ಕಾರಣ ಕೊಡುವುದು ನಮ್ಮ ಕೆಲಸವಲ್ಲ ಎಂಬ ಹಿಂಬರಹ ಬರುವ ಸಂಭವವೇ ಹೆಚ್ಚು. ‘ಇಂಥ ರಸ್ತೆಗೆ ಇಂಥ ಹೆಸರಿಟ್ಟ ಸಭಾ ನಿರ್ಣಯದ ಪ್ರತಿ ಮತ್ತು ಸರ್ಕಾರದ ಆದೇಶವಿದ್ದಲ್ಲಿ ಅದರ ಪ್ರತಿ’ ಎಂದು ಕೇಳಬೇಕು. 2025ರಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾಗಿರುವುದರಿಂದ ಕಡತ ಯಾರ ಬಳಿ ಇದೆ ಎಂಬ ಗೊಂದಲ ಸಹಜ. ಅರ್ಜಿ ತಪ್ಪು ಕಚೇರಿಗೆ ಹೋದರೂ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವ ಹೊಣೆ ಕಾನೂನಿನ ಪ್ರಕಾರ ಅವರದೇ.

ಸಿಕ್ಕದ್ದನ್ನು ಬರೆದಿಡುವಾಗ ಪ್ರತಿ ಹೆಸರಿನ ಎದುರು ಅದು ಮೊದಲು ಕಂಡ ಕಾಗದ, ಆ ಕಾಗದದ ದಿನಾಂಕ ಮತ್ತು ಅದನ್ನು ನೋಡಿದ ಸ್ಥಳ ಈ ಮೂರೂ ಇರಲಿ, ಹಿರಿಯರು ಹೇಳಿದ್ದು ಬೇರೆ ಕಲಮಿನಲ್ಲಿರಲಿ. ಕ್ರಯಪತ್ರದಲ್ಲಿರುವ ಮಾಲೀಕರ ಹೆಸರನ್ನೂ ಮನೆಯ ನಂಬರನ್ನೂ ಪ್ರಕಟಿಸುವ ಅಗತ್ಯವಿಲ್ಲ. ರಸ್ತೆಯ ಹೆಸರಿರುವ ಸಾಲು ಮತ್ತು ನೋಂದಣಿಯ ವರ್ಷ ಸಾಕು.