ಬದಲಿಸಿದ್ದು ಮುಂದಿನ ಬ್ರೇಕು, ತೊಂದರೆ ಇದ್ದದ್ದು ಹಿಂದೆ

ನನ್ನ ಕಾರಿನ ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ (ಪಿಸ್ಟನ್ ಒತ್ತಿ ಪ್ಯಾಡನ್ನು ಡಿಸ್ಕಿಗೆ ಅಮುಕುವ ಭಾಗ), ಮೇಲೆ ಸ್ಟೀಲ್ ಹೆಣೆದಿರುವ ಹೋಸ್ ಹಾಕಿದೆ. ಹಿಂದಿನ ಚಕ್ರಗಳಿಗೆ ಹೊಸ ಪ್ಯಾಡ್ ಅಷ್ಟೇ. ಎಲ್ಲ ಮುಗಿಸಿ ಪೆಡಲ್ ತುಳಿದರೆ ಅದು ಅರ್ಧಕ್ಕಿಂತ ಜಾಸ್ತಿ ಕೆಳಗಿಳಿದ ಮೇಲೆ ಬ್ರೇಕ್ ಹಿಡಿಯುತ್ತಿತ್ತು.

ಯಾರನ್ನು ಕೇಳಿದರೂ ಒಂದೇ ಮಾತು: ಏರ್ ಇರಬೇಕು, ಇನ್ನೊಂದು ಸಲ ಬ್ಲೀಡ್ ಮಾಡಿ (ಅಂದರೆ ಬ್ರೇಕ್ ಆಯಿಲಿನೊಳಗಿನ ಗಾಳಿ ಹೊರಗೆ ತೆಗೆಯಿರಿ). ಅದನ್ನೂ ಮಾಡಿ ನೋಡಿದೆ. ಪೈಪಿನಲ್ಲಿ ಒಂದು ಗುಳ್ಳೆಯೂ ಕಾಣಲಿಲ್ಲ. ಎಡ-ಬಲದ ಕ್ಯಾಲಿಪರ್ ಅದಲು ಬದಲಾದರೆ ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಕೆಳಗೆ ಬಂದು, ಮೇಲಿನ ಗಾಳಿ ಅಲ್ಲೇ ಉಳಿದುಬಿಡುತ್ತದೆ. ಆದರೆ ನನ್ನ ಕಾರಲ್ಲಿ ಎರಡೂ ನಿಪ್ಪಲ್ ಮೇಲೇ ಇದ್ದವು. ಇನ್ನೂ ಬ್ಲೀಡ್ ಮಾಡ್ತಾ ಕೂತರೆ ಸುಮ್ನೆ ಬ್ರೇಕ್ ಆಯಿಲ್ ದಂಡ.

ಇಂಜಿನ್ ಆಫ್ ಮಾಡಿ, ಕಾಲಿಗೆ ಏನು ಗೊತ್ತಾಗುತ್ತದೆ ಅಂತ ಗಮನಿಸಿದೆ. ಗಾಳಿ ಇದ್ದರೆ ಪೆಡಲ್ ಕೊನೆವರೆಗೂ ಮೆತ್ತಗೇ ಇರುತ್ತದೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದ್ದರೆ, ಒತ್ತಿ ಹಿಡಿದಾಗ ನಿಧಾನಕ್ಕೆ ಕುಸಿಯುತ್ತದೆ. ನನ್ನದು ಎರಡೂ ಅಲ್ಲ. ಕೆಳಗೆ ಹೋಗಿ ಗಟ್ಟಿಯಾಗಿ ನಿಲ್ಲುತ್ತಿತ್ತು, ನಿಂತ ಮೇಲೆ ಕದಲುತ್ತಿರಲಿಲ್ಲ. ತಕ್ಷಣ ಇನ್ನೊಮ್ಮೆ ತುಳಿದರೆ ಮೇಲೇ ಹಿಡಿಯುತ್ತಿತ್ತು. ಅಂದರೆ ಎಲ್ಲೋ ಪ್ಯಾಡಿಗೂ ಡಿಸ್ಕಿಗೂ ನಡುವೆ ಗ್ಯಾಪ್ ಜಾಸ್ತಿ ಇದೆ. ಮೊದಲ ತುಳಿತವೆಲ್ಲ ಅದನ್ನು ತುಂಬೋದಕ್ಕೇ ಖರ್ಚಾಗುತ್ತಿದೆ.

ಹೊಸ ಕ್ಯಾಲಿಪರ್ ಮೇಲೇ ಅನುಮಾನ ಬರೋದು ಸಹಜ ಅಲ್ವಾ? ಪಿಸ್ಟನ್ ದೊಡ್ಡದಾದಷ್ಟೂ ಆಯಿಲ್ ಜಾಸ್ತಿ ಬೇಕು, ಪೆಡಲ್ ಅಷ್ಟೂ ಕೆಳಗಿಳಿಯುತ್ತದೆ. ಪೇಪರ್ ತಗೊಂಡು ಲೆಕ್ಕ ಹಾಕಿದೆ. ಹಳೆಯದರಲ್ಲಿ 54 ಮಿ.ಮೀ. ವ್ಯಾಸದ ಒಂದೇ ಪಿಸ್ಟನ್, ಅಂದರೆ ಸುಮಾರು 2,290 ಚದರ ಮಿ.ಮೀ. ಹೊಸದರಲ್ಲಿ ಒಂದು ಬದಿಗೆ 38 ಮತ್ತು 42 ಮಿ.ಮೀ.ನ ಎರಡು, ಒಟ್ಟು ಸುಮಾರು 2,520. ಇಂಥ ಕ್ಯಾಲಿಪರಿನಲ್ಲಿ ಒಂದು ಬದಿಯ ಪಿಸ್ಟನ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕನ್ನೂ ಕೂಡಿಸಿ ಗಾಬರಿ ಆಗುವವರು ಬಹಳ ಜನ. ವ್ಯತ್ಯಾಸ ಶೇ. 10ರಷ್ಟು. ಇಷ್ಟಕ್ಕೆಲ್ಲ ಪೆಡಲ್ ಅರ್ಧ ದಾಟಿ ಇಳಿಯೋದಿಲ್ಲ.

ಹಾಗಾದರೆ ಹಿಂದೆ? ನನ್ನ ಕಾರಿನ ಹಿಂದಿನ ಕ್ಯಾಲಿಪರಿನೊಳಗೇ ಹ್ಯಾಂಡ್ ಬ್ರೇಕಿನ ಸ್ಕ್ರೂ ಇದೆ. ಹ್ಯಾಂಡ್ ಬ್ರೇಕ್ ಎಳೆದರೆ ಪ್ಯಾಡ್ ಡಿಸ್ಕಿಗೆ ಅಂಟಿ ಹಿಂದಿನ ಗ್ಯಾಪ್ ಮುಚ್ಚುತ್ತದೆ. ಹಾಗೆ ಎಳೆದಿಟ್ಟು ಪೆಡಲ್ ತುಳಿದೆ. ಮೇಲೇ ಹಿಡಿಯಿತು, ಕಲ್ಲಿನ ಹಾಗೆ. ಹ್ಯಾಂಡ್ ಬ್ರೇಕ್ ಬಿಟ್ಟು ತುಳಿದೆ. ಮತ್ತೆ ಕೆಳಗೆ. ಯಾವ ಟೂಲೂ ಬೇಡದ ಈ ಪರೀಕ್ಷೆಯನ್ನು ಬ್ಲೀಡಿಂಗಿಗಿಂತ ಮೊದಲೇ ಮಾಡೋದು ಒಳ್ಳೇದು.

ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಕೆಳಗೆ ಹೋದೆ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಕೇಬಲ್ ಬಂದು ಸೇರುವ ಪುಟ್ಟ ಲಿವರ್, ಹ್ಯಾಂಡ್ ಬ್ರೇಕ್ ಬಿಟ್ಟಾಗ ಕ್ಯಾಲಿಪರಿನ ಸ್ಟಾಪಿಗೆ ತಾಗಿರಬೇಕು. ಇಲ್ಲಿ ಎರಡೂ ಕಡೆ ನಡುವೆ ಸಂದು ಕಾಣುತ್ತಿತ್ತು. ಹಳೆ ಪ್ಯಾಡ್ ಸವೆದಿದ್ದ ಕಾಲದಲ್ಲಿ ಯಾರೋ ಕೇಬಲನ್ನು ಬಿಗಿ ಮಾಡಿದ್ದರು. ಲಿವರ್ ಪೂರ್ತಿ ವಾಪಸ್ ಬರದಿದ್ದರೆ ಗ್ಯಾಪನ್ನು ತಾನೇ ಸರಿಮಾಡುವ ಒಳಗಿನ ಅಡ್ಜಸ್ಟರ್ ಕೆಲಸ ಮಾಡೋದಿಲ್ಲ. ಗ್ಯಾಪ್ ಹಾಗೇ ಉಳಿದುಬಿಡುತ್ತದೆ.

ಗ್ಯಾಪ್ ಎಷ್ಟು ಚಿಕ್ಕದಾದರೂ ಪೆಡಲಿಗೆ ದೊಡ್ಡದೇ. 36 ಮಿ.ಮೀ. ಪಿಸ್ಟನ್ 0.6 ಮಿ.ಮೀ. ಹೆಚ್ಚಿಗೆ ಚಲಿಸಬೇಕು ಅಂದುಕೊಳ್ಳಿ. ಎರಡು ಚಕ್ರಕ್ಕೆ ಸುಮಾರು 1,220 ಘನ ಮಿ.ಮೀ. ಆಯಿಲ್ ಬೇಕು. 22.2 ಮಿ.ಮೀ. ಮಾಸ್ಟರ್ ಸಿಲಿಂಡರಿನಲ್ಲಿ ಅದು 3 ಮಿ.ಮೀ.ಗಿಂತ ಚೂರು ಜಾಸ್ತಿ ಚಲನೆ. ಪೆಡಲ್ ಅನುಪಾತ ನಾಲ್ಕಾದರೆ (ಸಿಲಿಂಡರಿನಲ್ಲಿ 1 ಮಿ.ಮೀ. ಚಲನೆಗೆ ಪೆಡಲ್ 4 ಮಿ.ಮೀ. ಇಳಿಯಬೇಕು) ಕಾಲಿನಡಿ 12 ಮಿ.ಮೀ. ದಾಟುತ್ತದೆ.

ಕೇಬಲಿನ ನಟ್ಟನ್ನು ಪೂರ್ತಿ ಸಡಿಲ ಮಾಡಿದೆ. ಎರಡೂ ಲಿವರ್ ಸ್ಟಾಪಿಗೆ ಕೂತವು. ಇಂಜಿನ್ ಆಫ್ ಇರುವಾಗಲೇ ಪೆಡಲನ್ನು ನಿಧಾನಕ್ಕೆ ಒತ್ತಿ ಒತ್ತಿ ಬಿಟ್ಟೆ. ಒತ್ತಿದಂತೆಲ್ಲ ಅದು ಮೇಲೆ ಬರೋದು ಕಾಲಿಗೆ ಗೊತ್ತಾಗುತ್ತಿತ್ತು. ಮೇಲೆ ನಿಂತ ಮೇಲೆ ಕೇಬಲಿನ ಜೋಲು ಹೋಗುವಷ್ಟು ಮಾತ್ರ ನಟ್ ತಿರುಗಿಸಿದೆ, ಲಿವರ್ ಸ್ಟಾಪ್ ಬಿಟ್ಟು ಏಳದ ಹಾಗೆ. ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ನೋಡಿದ ಮೇಲೇ ರಸ್ತೆಗಿಳಿದದ್ದು.

ಈಗಲೂ ಪೆಡಲ್ ಮೊದಲಿಗಿಂತ ಚೂರು ಕೆಳಗೇ ಹಿಡಿಯುತ್ತದೆ. ಅದು ಆ ಶೇ. 10ರ ಪಾಲು. 23.8 ಮಿ.ಮೀ. ಮಾಸ್ಟರ್ ಸಿಲಿಂಡರ್ ಹಾಕಿದರೆ ಅದೂ ಹೋಗುತ್ತದೆ. ಆದರೆ ಅಷ್ಟೇ ಬ್ರೇಕಿಗೆ ಕಾಲು ಸುಮಾರು ಶೇ. 15 ಜಾಸ್ತಿ ಒತ್ತಬೇಕಾಗುತ್ತದೆ. ನನಗೆ ಈಗಿನ ಹದವೇ ಹಿಡಿಸಿದೆ, ಹಾಗೇ ಬಿಟ್ಟಿದ್ದೇನೆ.