ಹೊಳೆ ಪಕ್ಕ ಕ್ಯಾಂಪ್: ಹರಿಯೋ ನೀರು, ಕಾಡುಪ್ರಾಣಿ ಎರಡರ ಫೋಟೋನೂ ತೆಗೆಯೋದು ಹೇಗೆ?

ಹೊಳೆ ಪಕ್ಕ ಟೆಂಟ್ ಹಾಕಿ ಮಲಗೋದ್ರಲ್ಲಿ ಫೋಟೋ ಹುಚ್ಚಿರೋರಿಗೆ ಇರೋ ದೊಡ್ಡ ಲಾಭ ಅಂದ್ರೆ ಬೆಳಕು ಹರಿಯೋ ಹೊತ್ತಿಗೆ ನೀವು ಆಗ್ಲೇ ಜಾಗದಲ್ಲಿ ಇರ್ತೀರ. ಆದ್ರೆ ಒಂದು ಪೇಚಿದೆ. ನೀರು ಮತ್ತು ಪ್ರಾಣಿ ಇರೋದು ಒಂದೇ ಜಾಗದಲ್ಲಿ, ಕ್ಯಾಮೆರಾದಿಂದ ಅವೆರಡೂ ಕೇಳೋದು ಮಾತ್ರ ಪೂರ್ತಿ ಉಲ್ಟಾ. ನೀರು ರೇಷ್ಮೆ ಥರ ಕಾಣ್ಬೇಕಂದ್ರೆ ಶಟರ್ ಹೆಚ್ಚುಕಮ್ಮಿ ಅರ್ಧ ಸೆಕೆಂಡ್ ತೆರೆದಿರಬೇಕು, ಅದೇ ನೀರು ಕುಡಿತಾ ಇರೋ ಜಿಂಕೆ ಬೆಚ್ಚಿ ನೆಗೆದ್ರೆ 1/1000 ಸೆಕೆಂಡ್ ಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಮೊದಲು ಪ್ರಾಣಿ, ಆಮೇಲೆ ನೀರು. ನೀರು ಎಲ್ಲೂ ಓಡಿಹೋಗಲ್ಲ.

1. ಹಿಂದಿನ ಸಂಜೆನೇ ಜಾಗ ನೋಡ್ಕೊಳ್ಳಿ

ಕತ್ತಲಾಗೋಕೆ ಮುಂಚೆ ದಡದಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಒದ್ದೆ ಮರಳಲ್ಲಿ ಗೊರಸಿನ ಗುರುತು ಇದ್ಯಾ, ಪೊದೆ ಮಧ್ಯೆ ನೀರಿನ ಕಡೆಗೆ ಸವೆದ ದಾರಿ ಇದ್ಯಾ, ಯಾವುದಾದ್ರೂ ಬಂಡೆ ಅಥವಾ ಬಾಗಿದ ಕೊಂಬೆ ಮೇಲೆ ಬಿಳಿ ಹಿಕ್ಕೆ ಕಲೆ ಇದ್ಯಾ ನೋಡಿ. ಹಿಕ್ಕೆ ಬಿದ್ದಿರೋ ಬಂಡೆ ಅಂದ್ರೆ ಮಿಂಚುಳ್ಳಿನೋ ನೀರುಕಾಗೆನೋ ಮತ್ತೆ ಮತ್ತೆ ಬಂದು ಕೂರೋ ಜಾಗ, ಬೆಳಗ್ಗೆ ಅದರ ಎದುರಿಗೆ ಕೂತ್ರೆ ಅರ್ಧ ಕೆಲಸ ಆದ ಹಾಗೆ. ಸೂರ್ಯ ಯಾವ ಕಡೆ ಹುಟ್ತಾನೆ, ಯಾವ ದಡದಲ್ಲಿ ನೆರಳು ಜಾಸ್ತಿ ಹೊತ್ತು ಇರತ್ತೆ ಅನ್ನೋದನ್ನೂ ಫೋನಲ್ಲೇ ನೋಡಿ ಇಟ್ಕೊಳ್ಳಿ.

ಟೆಂಟ್ ಮಾತ್ರ ಆ ಸವೆದ ದಾರಿ ಮೇಲೂ ಬೇಡ, ನೀರಿನ ಅಂಚಲ್ಲೂ ಬೇಡ, ಸುಮಾರು 60 ಮೀಟರ್ ದೂರದಲ್ಲಿ, ಎತ್ತರದ ಜಾಗದಲ್ಲಿರಲಿ. ನೀವು ದಾರಿಗೆ ಅಡ್ಡ ಮಲಗಿದ್ರೆ ಪ್ರಾಣಿ ನೀರಿಗೆ ಬರೋದೇ ಇಲ್ಲ, ಫೋಟೋ ಹೋಗ್ಲಿ, ಅದಕ್ಕೆ ಕುಡಿಯೋ ನೀರೂ ತಪ್ಪಿತು. ಇನ್ನೊಂದು, ಮೇಲೆಲ್ಲೋ ಮಳೆ ಬಿದ್ರೆ ನಿಮ್ಮ ತಲೆ ಮೇಲೆ ಒಂದು ಹನಿ ಬೀಳದೇನೂ ಹೊಳೆ ಏರಬಹುದು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದ ಹಾಗೆ ಕೆಂಪಗಾದ್ರೆ, ಕಡ್ಡಿ ಕಸ ತೇಲಿ ಬರೋಕೆ ಶುರುವಾದ್ರೆ, ಸದ್ದು ಜೋರಾದ್ರೆ, ಟ್ರೈಪಾಡ್ ಬಿಟ್ಟಾದ್ರೂ ಸರಿ ತಕ್ಷಣ ದಡ ಹತ್ತಿ.

2. ಮಲಗೋ ಮುಂಚೆ ಎರಡು ಸೆಟ್ಟಿಂಗ್ ಸೇವ್ ಮಾಡಿ

ಬೆಳಗ್ಗೆ ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಲ್ಲಿ ಮೆನು ಹುಡುಕೋ ಕೆಲಸ ಬೇಡ. ಬಹಳಷ್ಟು ಕ್ಯಾಮೆರಾಗಳ ಡಯಲ್ ಮೇಲೆ ಸಿ1, ಸಿ2 ಅಥವಾ ಯು1, ಯು2 ಅಂತ ಇರತ್ತಲ್ಲ, ಅದು ಇದಕ್ಕೇ ಇರೋದು.

ಮೊದಲನೇದು ಪ್ರಾಣಿಗೆ: ಶಟರ್ 1/1000, ಅಪರ್ಚರ್ (ಬೆಳಕು ಒಳಗೆ ಬರೋ ಕಿಂಡಿ) ಲೆನ್ಸ್ ಎಷ್ಟು ತೆರೆಯತ್ತೋ ಅಷ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಫೋಕಸ್ ಕಂಟಿನ್ಯುಯಸ್, ಬರ್ಸ್ಟ್ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಸಾಲಾಗಿ ಫೋಟೋ) ಆನ್, ಕಣ್ಣು ಗುರುತಿಸೋ ಆಟೋಫೋಕಸ್ ಇದ್ರೆ ಅದೂ ಆನ್. ಎರಡನೇದು ನೀರಿಗೆ: ಮ್ಯಾನ್ಯುಯಲ್ ಮೋಡ್, ಐಎಸ್ಒ 100, ಅಪರ್ಚರ್ ಎಫ್/8 ಅಥವಾ ಎಫ್/11, ಶಟರ್ ಅರ್ಧ ಸೆಕೆಂಡ್, 2 ಸೆಕೆಂಡ್ ಟೈಮರ್, ಟ್ರೈಪಾಡ್ ಮೇಲೆ ಇಡೋದ್ರಿಂದ ಕೈ ನಡುಕ ಸರಿ ಮಾಡೋ ಸ್ಟೆಬಿಲೈಸೇಶನ್ ಆಫ್. ಎರಡರಲ್ಲೂ ರಾ ಫಾರ್ಮ್ಯಾಟ್ (ಸೆನ್ಸರ್ ಹಿಡಿದ ವಿವರನೆಲ್ಲ ಉಳಿಸೋ ಫೈಲ್). ಈಗ ಡಯಲ್ ಒಂದು ಸಲ ತಿರುಗಿಸಿದ್ರೆ ಸಾಕು, ಕ್ಯಾಮೆರಾ ಇನ್ನೊಂದು ಕೆಲಸಕ್ಕೆ ರೆಡಿ.

3. ಬೆಳಗ್ಗೆ ಮೊದಲ ಪಾಳಿ ಪ್ರಾಣಿಗೆ

ಸೂರ್ಯ ಹುಟ್ಟೋ ಮುಂಚೆನೇ ಹೋಗಿ ಕೂತ್ಕೊಳ್ಳಿ, ಓಡಾಡ್ಬೇಡಿ. ಗಾಳಿ ಪ್ರಾಣಿ ಕಡೆಯಿಂದ ನಿಮ್ಮ ಕಡೆಗೆ ಬೀಸ್ತಾ ಇರ್ಬೇಕು, ಉಲ್ಟಾ ಆದ್ರೆ ನೀವು ಕಾಣೋಕೆ ಮುಂಚೆ ನಿಮ್ಮ ವಾಸನೆ ಅದಕ್ಕೆ ತಲುಪಿರತ್ತೆ. ಆದಷ್ಟು ಕೆಳಗೆ ಕೂರಿ, ಲೆನ್ಸ್ ಅದರ ಕಣ್ಣಿನ ಮಟ್ಟಕ್ಕೆ ಬರಲಿ. ನಿಂತು ಮೇಲಿಂದ ತೆಗೆದ್ರೆ ಹಿಂದೆ ಬರೀ ಕಲ್ಲು ಮಣ್ಣು ಕಾಣತ್ತೆ, ಕೆಳಗಿಂದ ತೆಗೆದ್ರೆ ಆಚೆ ದಡ ಪೂರ್ತಿ ಮಸುಕಾಗಿ ಪ್ರಾಣಿ ಎದ್ದು ಕಾಣತ್ತೆ.

ಸುಮ್ಮನೆ ನಿಂತು ನೀರು ಕುಡಿಯೋ ಪ್ರಾಣಿಗೆ 1/500 ಸಾಕು, ಓಡೋದಕ್ಕೆ 1/1000, ಹಾರೋ ಹಕ್ಕಿಗೆ 1/2000 ಅಥವಾ ಇನ್ನೂ ಮೇಲೆ. ಬೆಳಕು ಕಮ್ಮಿ ಇರೋದ್ರಿಂದ ಐಎಸ್ಒ 3200, 6400 ಅಂತ ಏರತ್ತೆ, ಏರಲಿ ಬಿಡಿ. ನಾಯ್ಸ್ (ಫೋಟೋದಲ್ಲಿ ಕಾಣೋ ಕಾಳು ಕಾಳು ಚುಕ್ಕೆ) ಆಮೇಲೆ ಸಾಫ್ಟ್‌ವೇರಲ್ಲಿ ಕಮ್ಮಿ ಮಾಡ್ಬಹುದು, ಅಲುಗಿದ ಕಣ್ಣನ್ನ ಸರಿ ಮಾಡೋಕೆ ಆಗಲ್ಲ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತಿದ್ರೆ ಕ್ಯಾಮೆರಾ ಕತ್ತಲು ನೋಡಿ ಮೋಸ ಹೋಗಿ ಹಕ್ಕೀನ ಸುಟ್ಟ ಹಾಗೆ ಬೆಳ್ಳಗೆ ಮಾಡತ್ತೆ, ಆಗ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದ್ರೆ ಬೆಳಕು ಅರ್ಧಕ್ಕೆ) ಇಳಿಸಿ, ರೆಕ್ಕೆಯ ಒಂದೊಂದು ಗರಿನೂ ಉಳಿಯತ್ತೆ.

ಹಾರೋ ಕ್ಷಣ ಹಿಡಿಯೋಕೆ ಹಕ್ಕೀನ ಓದೋದು ಕಲೀಬೇಕು. ಸಾಮಾನ್ಯವಾಗಿ ಹಕ್ಕಿಗಳು ಗಾಳಿಗೆ ಎದುರಾಗೇ ಮೇಲೇಳ್ತವೆ, ಅದಕ್ಕೇ ಗಾಳಿ ನಿಮ್ಮ ಬೆನ್ನ ಹಿಂದಿಂದ ಬರ್ತಿದ್ರೆ ಅವು ನಿಮ್ಮ ಕಡೆ ಮುಖ ಮಾಡಿ ಹಾರೋ ಸಾಧ್ಯತೆ ಜಾಸ್ತಿ. ಹಕ್ಕಿಗೆ ನಿಮ್ಮ ವಾಸನೆಯ ಚಿಂತೆ ಅಷ್ಟಾಗಿ ಇಲ್ಲ, ಹಾಗಾಗಿ ಮೇಲೆ ಹೇಳಿದ ಗಾಳಿ ಲೆಕ್ಕ ಪ್ರಾಣಿಗೆ ಒಂದು, ಹಕ್ಕಿಗೆ ಇನ್ನೊಂದು. ಹಕ್ಕಿಯ ಮೈ ಮುಂದಕ್ಕೆ ಬಾಗತ್ತೆ, ಕಾಲು ಸ್ವಲ್ಪ ಮಡಚತ್ತೆ, ಎಷ್ಟೋ ಸಲ ಹಿಕ್ಕೆ ಹಾಕತ್ತೆ, ಆಮೇಲೆ ಹಾರತ್ತೆ. ಹಿಕ್ಕೆ ಹಾಕಿದ ತಕ್ಷಣ ಬಟನ್ ಒತ್ತಿ ಹಿಡೀರಿ.

ದೂರದ ವಿಷಯದಲ್ಲಿ ರಾಜಿ ಬೇಡ. ಮೇಯ್ತಿದ್ದ ಪ್ರಾಣಿ ಮೇಯೋದು ನಿಲ್ಸಿ ಕಿವಿ ನಿಮಿರಿಸಿ ನಿಮ್ಮನ್ನೇ ನೋಡ್ತಿದೆ ಅಂದ್ರೆ ನೀವು ಹತ್ತಿರ ಹೋಗಿದ್ದೀರ, ಹಿಂದೆ ಸರೀರಿ. ತಿಂಡಿ ಹಾಕಿ ಕರೆಯೋದು, ಮೊಬೈಲಲ್ಲಿ ಹಕ್ಕಿ ಕೂಗು ಹಾಕೋದು, ಗೂಡಿನ ಹತ್ತಿರ ಹೋಗೋದು ಯಾವುದೂ ಬೇಡ. ಕತ್ತಲಲ್ಲಿ ಫ್ಲ್ಯಾಶೂ ಬೇಡ. 1906ರ ಜುಲೈ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯಲ್ಲಿ ಅಮೆರಿಕದ ಫೋಟೋಗ್ರಾಫರ್ ಜಾರ್ಜ್ ಶೈರಾಸ್ ಅವರ 74 ಫೋಟೋ ಬಂದಿದ್ವು, ಅದರಲ್ಲಿ ರಾತ್ರಿ ದೋಣಿಯಲ್ಲಿ ಕೂತು ನೀರಂಚಿನ ಜಿಂಕೆಗಳನ್ನ ಫ್ಲ್ಯಾಶ್ ಪೌಡರ್ ಸಿಡಿಸಿ ತೆಗೆದವೂ ಇದ್ವು. ಆವತ್ತು ಬೇರೆ ದಾರಿ ಇರಲಿಲ್ಲ, ಇವತ್ತಿನ ಸೆನ್ಸರ್‌ಗಳಿಗೆ ಮುಂಜಾವಿನ ಮಬ್ಬು ಬೆಳಕೇ ಧಾರಾಳ.

4. ಆಮೇಲೆ ನೀರು

ಬೆಳಕು ಬಂದಿದೆ ಆದ್ರೆ ಬಿಸಿಲು ಇನ್ನೂ ನೀರಿಗೆ ಬಿದ್ದಿಲ್ಲ ಅನ್ನೋ ಆ ಹೊತ್ತು ಇದ್ಯಲ್ಲ, ಅದೇ ಬೇಕಾಗಿರೋದು, ಮೋಡ ಕವಿದಿದ್ರಂತೂ ಇನ್ನೂ ಒಳ್ಳೇದು. ಬಿಸಿಲು ಬಿದ್ದ ಮೇಲೆ ನೊರೆ ಪೂರ್ತಿ ಬಿಳಿಯಾಗಿ ಸುಟ್ಟು ಹೋಗತ್ತೆ, ಬಂಡೆ ಕಪ್ಪಾಗತ್ತೆ, ಎರಡನ್ನೂ ಒಂದೇ ಫ್ರೇಮಲ್ಲಿ ಉಳಿಸೋದು ಕಷ್ಟ.

ಒಂದೇ ಫಿಲ್ಟರ್ ತಗೊಳ್ಳೋ ಹಾಗಿದ್ರೆ ಪೋಲರೈಸರ್ ತಗೊಳ್ಳಿ. ಅದನ್ನ ತಿರುಗಿಸ್ತಾ ಒದ್ದೆ ಬಂಡೆನೇ ನೋಡ್ತಾ ಇರಿ, ಒಂದು ಕಡೆ ಬಂದಾಗ ಬಂಡೆ ಮೇಲಿನ ಹೊಳಪು ಮಾಯವಾಗಿ ಪಾಚಿಯ ಹಸಿರು ಕಾಣತ್ತೆ, ನೀರಿನ ತಳದ ಕಲ್ಲುಗಳೂ ಕಾಣತ್ವೆ, ಅಲ್ಲೇ ನಿಲ್ಸಿ. ಇದು ಹೆಚ್ಚುಕಮ್ಮಿ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನೂ ತಿನ್ನತ್ತೆ, ನಮಗೆ ಬೇಕಾಗಿರೋದೂ ಅದೇ. ಅದೂ ಸಾಲದಿದ್ರೆ ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು, ಅಂದ್ರೆ ಎನ್‌ಡಿ ಫಿಲ್ಟರ್. 6 ಸ್ಟಾಪಿನದ್ದು ಬೆಳಕನ್ನ 64 ಪಟ್ಟು ಕಮ್ಮಿ ಮಾಡತ್ತೆ, ಅಂದ್ರೆ ಫಿಲ್ಟರ್ ಇಲ್ಲದೆ 1/30 ಇದ್ದಿದ್ದು ಹಾಕಿದ ಮೇಲೆ ಸುಮಾರು 2 ಸೆಕೆಂಡ್ ಆಗತ್ತೆ. ಫೋಕಸ್ ಮೊದಲು ಮಾಡಿ ಮ್ಯಾನ್ಯುಯಲ್‌ಗೆ ಹಾಕಿ, ಆಮೇಲೆ ಫಿಲ್ಟರ್ ಹಾಕಿ.

ಎಷ್ಟು ಹೊತ್ತು ಅನ್ನೋದು ನೀರಿನ ವೇಗದ ಮೇಲೆ. ಜೋರಾಗಿ ಧುಮುಕೋ ನೀರಿಗೆ 1/4 ಸೆಕೆಂಡಲ್ಲೇ ಎಳೆ ಎಳೆಯಾಗಿ ಬರತ್ತೆ, ನಿಧಾನದ ತೊರೆಗೆ 1 ಅಥವಾ 2 ಸೆಕೆಂಡ್ ಬೇಕು. ತುಂಬಾ ಜಾಸ್ತಿ ಇಟ್ರೆ ನೀರು ಬರೀ ಮಂಜಾಗಿ ಅದರ ಜೀವನೇ ಹೋಗತ್ತೆ, ನನ್ನ ಕಣ್ಣಿಗೆ ಅರ್ಧ ಸೆಕೆಂಡಿನ ಆಸುಪಾಸೇ ಚಂದ. ಒಂದು ಕಡೆ ಮಾತ್ರ ಇದಕ್ಕೆ ವಿನಾಯಿತಿ, ಬಂಡೆ ಸಂದಿಯ ಮಡುವಲ್ಲಿ ನೊರೆ, ಉದುರಿದ ಎಲೆ ಮೆಲ್ಲಗೆ ಸುತ್ತುತಾ ಇರತ್ತೆ, ಕಣ್ಣಿಗೆ ಅಷ್ಟಾಗಿ ಗೊತ್ತಾಗಲ್ಲ, 10-20 ಸೆಕೆಂಡ್ ಇಟ್ಟು ನೋಡಿ, ಪೂರ್ತಿ ಸುಳಿನೇ ಬಿಡಿಸಿಕೊಂಡು ಬರತ್ತೆ.

ಟ್ರೈಪಾಡ್ ಕಾಲು ನೀರಲ್ಲಿ ಇಟ್ರೆ ಹರಿವಿಗೆ ಅದು ಸಣ್ಣಗೆ ನಡುಗ್ತಾ ಇರತ್ತೆ, ಒತ್ತಿ ಕೂರಿಸಿ, ನಡುವಿನ ಕಂಬ ಎತ್ತಬೇಡಿ. ಒಂದೊಂದು ಫೋಟೋ ಆದ ಮೇಲೂ ಲೆನ್ಸ್ ಮೇಲೆ ಹನಿ ಇದ್ಯಾ ನೋಡಿ ಒರೆಸಿ. ಫೋನಿಂದ ತೆಗೆಯೋರು ಐಫೋನಲ್ಲಿ ಲೈವ್ ಫೋಟೋ ತೆಗೆದು ಲಾಂಗ್ ಎಕ್ಸ್‌ಪೋಶರ್ ಆರಿಸ್ಕೊಳ್ಳಿ, ಆಂಡ್ರಾಯ್ಡಲ್ಲಿ ಪ್ರೋ ಮೋಡ್ ಇದ್ರೆ ಶಟರ್ ನೀವೇ ಹಾಕಬಹುದು, ಆದ್ರೆ ಫೋನ್ ಬಂಡೆಗೆ ಒರಗಿಸಿ ಇಡ್ಲೇಬೇಕು.

5. ಎರಡೂ ಒಂದೇ ಫೋಟೋದಲ್ಲಿ

ಇದು ನನಗೆ ಎಲ್ಲಕ್ಕಿಂತ ಇಷ್ಟದ್ದು. ಬಕಪಕ್ಷಿ ಮೀನಿಗೆ ಕಾಯ್ತಾ ಹರಿಯೋ ನೀರಿನ ಮಧ್ಯೆ ಅಲ್ಲಾಡದೆ ನಿಂತಿರತ್ತೆ. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು, ಶಟರ್ 1/8ರಿಂದ 1/15ರ ಮಧ್ಯೆ ಇಟ್ಟು, ಸೈಲೆಂಟ್ ಶಟರಲ್ಲಿ ಬರ್ಸ್ಟ್ ತೆಗೀತಾ ಹೋಗಿ. ಬಹುಪಾಲು ಹಾಳಾಗತ್ತೆ, ಕುತ್ತಿಗೆ ಒಂಚೂರು ಅಲುಗಿದ್ರೂ ಮಸುಕು. ಆದ್ರೆ ಒಂದರಲ್ಲಿ ಹಕ್ಕಿಯ ಕಣ್ಣು ಶಾರ್ಪಾಗಿ, ಕಾಲ ಸುತ್ತ ನೀರು ಎಳೆ ಎಳೆಯಾಗಿ ಬಂದಿರತ್ತೆ, ಆ ಒಂದಕ್ಕೋಸ್ಕರ ನೂರು ತೆಗೀಬಹುದು.

6. ವಾಪಸ್ ಟೆಂಟಿಗೆ

ತಣ್ಣಗಿರೋ ಕ್ಯಾಮೆರಾನ ಬೆಚ್ಚಗಿನ ಟೆಂಟಿಗೆ ತಂದು ತಕ್ಷಣ ಬ್ಯಾಗಿಂದ ತೆಗೀಬೇಡಿ, ಒಳಗೆಲ್ಲ ಹಬೆ ಕಟ್ಟತ್ತೆ, ಜಿಪ್ ಹಾಕಿರೋ ಬ್ಯಾಗಲ್ಲೇ ಸ್ವಲ್ಪ ಹೊತ್ತು ಬಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯತ್ತೆ, ಎಕ್ಸ್‌ಟ್ರಾ ಬ್ಯಾಟರಿ ಒಳ ಜೇಬಲ್ಲಿಟ್ಟು ಮಲಗಿ. ಕಾರ್ಡ್ ತುಂಬಿದ್ರೆ ಇನ್ನೊಂದು ಹಾಕಿ, ಫೋಟೋಗಳು ಎರಡು ಕಡೆ ಕಾಪಿ ಆಗೋವರೆಗೂ ಹಳೇದನ್ನ ಫಾರ್ಮ್ಯಾಟ್ ಮಾಡ್ಬೇಡಿ.